ಹೆಸರಿಲ್ಲದ ವರದಿ

ಕಲಬುರಗಿಯಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಸಭೆಯೊಂದು ನಡೆಸುವ ಪದವಿ ಕಾಲೇಜಿಗೆ ನಾನು ಚಿಕಿತ್ಸಾ ಮನೋವಿಜ್ಞಾನಿಯಾಗಿ ಸೇರಿದಾಗ ಕೈಗೆ ಬಂದ ನೇಮಕಾತಿ ಆದೇಶದಲ್ಲಿ, ಸಂಬಳ ಮತ್ತು ರಜೆಯ ವಿವರಗಳ ಕೆಳಗೆ, ಒಂದು ಷರತ್ತು ಇತ್ತು. ಸಮಾಲೋಚನೆಗೆ ಬಂದ ವಿದ್ಯಾರ್ಥಿಗಳ ಹೆಸರು, ತರಗತಿ ಮತ್ತು ಸಮಸ್ಯೆಯ ಸ್ವರೂಪವನ್ನು ಒಳಗೊಂಡ ವರದಿಯನ್ನು ಪ್ರತಿ ತಿಂಗಳು ಪ್ರಾಂಶುಪಾಲರಿಗೆ ಸಲ್ಲಿಸತಕ್ಕದ್ದು ಎಂಬುದೇ ಆ ಷರತ್ತು. ಅದನ್ನು ಬರೆದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ತಮ್ಮ ನೆರಳಿನಲ್ಲಿರುವ ಮಕ್ಕಳಿಗೆ ಏನಾಗುತ್ತಿದೆ ಎಂಬುದು ತಮಗೆ ತಿಳಿದಿರಬೇಕು ಎಂಬ ಕಾಳಜಿಯೇ ಅದರ ಹಿಂದೆ ಇತ್ತು. ಆದರೆ ಆ ಷರತ್ತು ಇರುವವರೆಗೆ ನನ್ನ ಕೋಣೆಗೆ ಬರಬೇಕಾದವರು ಬರಲಾರರು, ಬಂದವರೂ ಹೇಳಬೇಕಾದುದನ್ನು ಹೇಳಲಾರರು ಎಂಬುದು ನನಗೆ ಸ್ಪಷ್ಟವಿತ್ತು. ಆ ಸಾಲು ಹೇಗೆ ಬದಲಾಯಿತು, ಬದಲಾದ ಮೇಲೆ ಕೆಲಸ ಹೇಗೆ ಸಾಗಿತು ಎಂಬುದನ್ನು ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಇಲ್ಲಿ ಬರುವ ವಿದ್ಯಾರ್ಥಿಗಳ ಊರು, ವಯಸ್ಸು, ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ನಾನು ಆಳಂದ ತಾಲ್ಲೂಕಿನವಳು, ಹುಟ್ಟಿನಿಂದ ಕ್ರೈಸ್ತಳಲ್ಲ. ಧಾರವಾಡದಲ್ಲಿ ಎಂ.ಫಿಲ್. ಮುಗಿಸಿ, ಚಿಕಿತ್ಸಾ ಮನೋವಿಜ್ಞಾನಿಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಪಡೆದ ಮೇಲೆ ಕೆಲಕಾಲ ಬೆಂಗಳೂರಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದರ ಸಮಾಲೋಚನಾ ಕೇಂದ್ರದಲ್ಲಿ ಕೆಲಸ ಮಾಡಿದೆ. ನಮ್ಮ ರಾಜ್ಯದಲ್ಲಿ ಕ್ಯಾಥೊಲಿಕ್ ಧರ್ಮಸಭೆಯ ಉನ್ನತ ಶಿಕ್ಷಣಕ್ಕೆ ದೀರ್ಘ ಇತಿಹಾಸವಿದೆ. ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆ 1882ರಲ್ಲಿ ಆರಂಭವಾದವು. ಇವೆರಡೂ ಈಗ ವಿಶ್ವವಿದ್ಯಾಲಯದ ಸ್ಥಾನ ಪಡೆದಿವೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿಯೇ ಪರಿಗಣಿತ ವಿಶ್ವವಿದ್ಯಾಲಯವಾಯಿತು. ನಾನಿದ್ದ ದೊಡ್ಡ ಆವರಣದಲ್ಲಿ ಸಮಾಲೋಚಕರ ತಂಡವಿತ್ತು, ಪ್ರಕರಣಗಳನ್ನು ಚರ್ಚಿಸಲು ಹಿರಿಯರಿದ್ದರು, ವಿದ್ಯಾರ್ಥಿಗಳು ತಾವಾಗಿಯೇ ಸಮಯ ಗೊತ್ತುಮಾಡಿಕೊಂಡು ಬರುತ್ತಿದ್ದರು, ಗೋಪ್ಯತೆಯ ನಿಯಮಗಳನ್ನು ನನಗಿಂತ ಮೊದಲೇ ಯಾರೋ ಬರೆದಿಟ್ಟಿದ್ದರು. ಕಲಬುರಗಿಗೆ ಬಂದಾಗ ನನಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಮೇಜು, ಬೀಗವಿಲ್ಲದ ಒಂದು ಅಲಮಾರಿ ಮತ್ತು ಮೇಲೆ ಹೇಳಿದ ಆದೇಶ.

ಈ ಭಾಗದಲ್ಲಿ ಕ್ಯಾಥೊಲಿಕ್ ಸಮುದಾಯ ಚಿಕ್ಕದು. ಇಂದಿನ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಒಳಗೊಂಡ ಧರ್ಮಕ್ಷೇತ್ರ, ಅಂದರೆ ಬಿಷಪರೊಬ್ಬರ ಆಡಳಿತಕ್ಕೆ ಸೇರಿದ ಪ್ರದೇಶ, ಸ್ಥಾಪನೆಯಾದದ್ದೇ 2005ರಲ್ಲಿ. ಹೀಗಾಗಿ ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಹೆಚ್ಚಿನವರು ಲಿಂಗಾಯತರು, ಮುಸ್ಲಿಮರು, ದಲಿತರು ಮತ್ತು ಲಂಬಾಣಿ ತಾಂಡಾಗಳ ಮಕ್ಕಳು. ಸೇಡಂ, ಚಿತ್ತಾಪುರ, ಜೇವರ್ಗಿ, ಅಫಜಲಪುರದ ಹಳ್ಳಿಗಳಿಂದ ಬರುವ ಅನೇಕರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರೇ ಮೊದಲಿಗರು. ತಂದೆ ತಾಯಿ ವರ್ಷದ ಅರ್ಧ ಭಾಗ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ. ಹಾಗೆ ಹೋಗುವಾಗ ಹರೆಯದ ಮಗಳನ್ನು ಪಟ್ಟಣದ ಹಾಸ್ಟೆಲಿನಲ್ಲಿ ಬಿಡಲು ಅವರಿಗೆ ಧೈರ್ಯ ಬರುವುದು ಸಿಸ್ಟರುಗಳ ಮೇಲಿನ ನಂಬಿಕೆಯಿಂದ. ಈ ನಂಬಿಕೆ ಸಣ್ಣದಲ್ಲ. ಎಷ್ಟೋ ಹುಡುಗಿಯರು ಬಾಲ್ಯವಿವಾಹದಿಂದ ತಪ್ಪಿಸಿಕೊಂಡು ಪದವಿ ಮುಗಿಸಿದ್ದು ಈ ನಂಬಿಕೆಯ ಬಲದಿಂದಲೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ವಿದ್ಯಾರ್ಥಿನಿಯ ಕಡೆಯಿಂದ ನೋಡಿದಾಗ ಅದೇ ನಂಬಿಕೆ ಬೇರೆ ರೀತಿ ಕಾಣುತ್ತದೆ: ಸಿಸ್ಟರಿಗೆ ತಿಳಿದದ್ದು ಸಂಜೆಯೊಳಗೆ ಅಪ್ಪನ ಫೋನಿಗೆ ಹೋಗುತ್ತದೆ, ಅಪ್ಪನಿಗೆ ತಿಳಿದರೆ ಓದು ನಿಲ್ಲುತ್ತದೆ.

ಮೊದಲ ವಾರಗಳಲ್ಲಿ ನನ್ನಲ್ಲಿಗೆ ಬಂದವರೆಲ್ಲ ಯಾರೋ ಕಳಿಸಿಕೊಟ್ಟವರು. ತರಗತಿಯಲ್ಲಿ ನಿದ್ದೆ ಹೋದವರು, ಕಿರುಪರೀಕ್ಷೆ ತಪ್ಪಿಸಿದವರು, ಪ್ರಾರ್ಥನೆಯ ವೇಳೆ ತಲೆ ತಿರುಗಿ ಬಿದ್ದವರು. “ನನಗ ಏನೂ ಆಗಿಲ್ರಿ ಮೇಡಂ, ಸಿಸ್ಟರ್ ಹೋಗು ಅಂದ್ರು, ಅದಕ್ಕ ಬಂದೀನಿ” ಎಂದು ಕುರ್ಚಿಯ ತುದಿಯಲ್ಲಿ ಕುಳಿತು ಬಾಗಿಲ ಕಡೆ ನೋಡುತ್ತಿದ್ದರು. ಸಂಕಟವನ್ನು ಅವರು ದೇಹದ ಮೂಲಕವೇ ಹೇಳುತ್ತಿದ್ದರು: ತಲೆ ಒಂದೇ ಸವನೆ ನೋಯುತ್ತದೆ, ಎದೆ ಹಿಡಿದಂತಾಗುತ್ತದೆ, ಕೈಕಾಲು ಸೋಲುತ್ತವೆ, ನಿದ್ದೆ ಬರುವುದಿಲ್ಲ. ಇದನ್ನು ನೆಪವೆಂದು ತಳ್ಳಿಹಾಕುವುದು ದೊಡ್ಡ ಅನ್ಯಾಯ. ಖಿನ್ನತೆಯೂ ಆತಂಕವೂ ನಿದ್ದೆ, ಹಸಿವು, ಸ್ನಾಯು, ಉಸಿರು ಎಲ್ಲವನ್ನೂ ಹಿಡಿಯುವ ಕಾಯಿಲೆಗಳು, ನೋವು ನಿಜವಾದದ್ದೇ. ಆದ್ದರಿಂದ ನಾನು ತಲೆನೋವಿನಿಂದಲೇ ಆರಂಭಿಸುತ್ತಿದ್ದೆ, ರಕ್ತಹೀನತೆ ಮತ್ತು ಥೈರಾಯಿಡ್ ಪರೀಕ್ಷೆಗೆ ವೈದ್ಯರಲ್ಲಿಗೆ ಕಳಿಸುತ್ತಿದ್ದೆ. ಈ ಭಾಗದ ಹುಡುಗಿಯರಲ್ಲಿ ಆಯಾಸದ ಹಿಂದೆ ಬರೀ ರಕ್ತಹೀನತೆಯೇ ಇರುವುದೂ ಉಂಟು. ಮಾತು ಸ್ವಲ್ಪ ಸಡಿಲವಾದ ಕೂಡಲೇ ಬಹುತೇಕ ಎಲ್ಲರಿಂದಲೂ ಒಂದೇ ಪ್ರಶ್ನೆ ಬರುತ್ತಿತ್ತು: “ಇದನ್ನ ನೀವು ಸಿಸ್ಟರಿಗಿ ಹೇಳ್ತೀರೇನ್ರಿ?” ಆದೇಶದ ಪ್ರಕಾರ ನಾನು ಹೌದು ಎನ್ನಬೇಕಿತ್ತು. ಹೌದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಮೊದಲ ತಿಂಗಳ ವರದಿಯ ದಿನಾಂಕ ಬರುವ ಮೊದಲೇ ನಾನು ಪ್ರಾಂಶುಪಾಲರ ಬಳಿ ಹೋಗಿ, ಈ ಷರತ್ತಿನ ಬಗ್ಗೆ ಮಾತನಾಡಬೇಕು ಎಂದು ಸಮಯ ಕೇಳಿದೆ.

ಪ್ರಾಂಶುಪಾಲರಾದ ಸಿಸ್ಟರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಅವರ ಉತ್ತರವೂ ಹಗುರವಾದುದಾಗಿರಲಿಲ್ಲ. “ಹಾಸ್ಟೆಲಿನಲ್ಲಿ ರಾತ್ರಿ ಒಂದು ಮಗುವಿಗೆ ಏನಾದರೂ ಆದರೆ ತಂದೆ ತಾಯಿ ಬಂದು ಕೇಳುವುದು ನನ್ನನ್ನು. ಪೊಲೀಸರು ಕೇಳುವುದೂ ನನ್ನನ್ನೇ. ನನಗೆ ಗೊತ್ತಿಲ್ಲದ ವಿಷಯಕ್ಕೆ ನಾನು ಹೇಗೆ ಹೊಣೆಯಾಗಲಿ ಮೇಡಂ?” ಎಂದರು. ಗೋಪ್ಯತೆಯ ಬಗ್ಗೆ ಮಾತನಾಡುವ ನಮ್ಮಂಥವರು ಈ ಪ್ರಶ್ನೆಯನ್ನು ಆಡಳಿತದವರ ಅಧಿಕಾರದಾಹವೆಂದು ತಿಳಿಯುವುದುಂಟು, ಅದು ಸರಿಯಲ್ಲ. ಹೊಣೆ ಹೊತ್ತವರಿಗೆ ಮಾಹಿತಿ ಬೇಕೆನಿಸುವುದು ಸಹಜ. ಯಾವ ಮಾಹಿತಿ, ಯಾವಾಗ, ಎಷ್ಟು ಎಂಬುದನ್ನು ನಿಗದಿ ಮಾಡುವುದೇ ನಮ್ಮ ಮುಂದಿದ್ದ ಕೆಲಸ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಮನ್ನು ನಾನು ಮುದ್ರಿಸಿಕೊಂಡು ಹೋಗಿದ್ದೆ. ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿಗೆ ತನ್ನ ಚಿಕಿತ್ಸೆಯ ವಿವರಗಳ ಗೋಪ್ಯತೆ ಹಕ್ಕಾಗಿಯೇ ಇದೆ, ಚಿಕಿತ್ಸೆ ನೀಡುವವರು ಅದನ್ನು ಕಾಪಾಡಲೇಬೇಕು, ಜೀವಕ್ಕೆ ಅಪಾಯ ಅಥವಾ ಇತರರಿಗೆ ಹಾನಿ ತಪ್ಪಿಸುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ, ಅದೂ ಅಗತ್ಯವಿರುವಷ್ಟೇ ಮಾಹಿತಿಯನ್ನು ಹೊರಗೆ ನೀಡಬಹುದು ಎಂದು ಆ ಕಲಮು ಹೇಳುತ್ತದೆ. ಸಿಸ್ಟರ್ ಅದನ್ನು ಎರಡು ಸಲ ಓದಿ, ಇದನ್ನು ಗುರುಗಳ (ಪಾದ್ರಿಯವರ) ಜೊತೆಗೂ ಚರ್ಚಿಸೋಣ ಎಂದರು.

ಕಾಲೇಜಿನ ಪ್ರಾರ್ಥನಾಲಯಕ್ಕೆ ಬಲಿಪೂಜೆ (ಮಾಸ್) ಅರ್ಪಿಸಲು ಬರುವ ಗುರುಗಳು ಕರಾವಳಿಯ ಕಡೆಯವರು, ಧರ್ಮಸಭೆಯ ಕಾನೂನನ್ನು ವಿಶೇಷವಾಗಿ ಓದಿಕೊಂಡವರು. ಅವರು ನನ್ನ ವಾದಕ್ಕೆ ವಿರುದ್ಧವಾಗಿರಬಹುದು ಎಂಬ ಅಳುಕು ನನಗಿತ್ತು. ಆದರೆ ಸಭೆಯಲ್ಲಿ ಅವರು ನನಗೆ ತಿಳಿಯದಿದ್ದ ಸಂಗತಿಗಳನ್ನು ಮುಂದಿಟ್ಟರು. ಪಾಪನಿವೇದನೆಯ, ಅಂದರೆ ವಿಶ್ವಾಸಿಯೊಬ್ಬರು ತಮ್ಮ ಪಾಪಗಳನ್ನು ಗುರುಗಳ ಮುಂದೆ ಹೇಳಿಕೊಳ್ಳುವ ಸಂಸ್ಕಾರದ, ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಬಿಟ್ಟುಕೊಡುವಂತಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಅದು ಧರ್ಮಸಭೆಯ 1983ರ ಕಾನೂನು ಸಂಹಿತೆಯ 983ನೇ ವಿಧಿ. ಅದರ ನಂತರದ ವಿಧಿಗಳೇ ನಮ್ಮ ಪ್ರಶ್ನೆಗೆ ಹತ್ತಿರವಾಗಿದ್ದವು. ಅಧಿಕಾರದಲ್ಲಿರುವವನು ಪಾಪನಿವೇದನೆಯ ಮೂಲಕ ತಿಳಿದುಕೊಂಡದ್ದನ್ನು ಹೊರಗಿನ ಆಡಳಿತಕ್ಕೆ ಯಾವ ರೀತಿಯಲ್ಲೂ ಬಳಸಬಾರದು ಎಂದು 984ನೇ ವಿಧಿ ಹೇಳುತ್ತದೆ. ಗುರುಮಠದ (ಗುರುಗಳಾಗಲು ತರಬೇತಿ ಕೊಡುವ ಸಂಸ್ಥೆಯ) ಅಥವಾ ಬೇರೆ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರು ತಮ್ಮ ಜೊತೆ ಒಂದೇ ಮನೆಯಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆಯನ್ನು, ಆ ವಿದ್ಯಾರ್ಥಿಗಳು ತಾವಾಗಿ ಕೇಳಿಕೊಂಡ ವಿಶೇಷ ಸಂದರ್ಭಗಳ ಹೊರತು, ಕೇಳಬಾರದು ಎಂದು 985ನೇ ವಿಧಿ ಹೇಳುತ್ತದೆ. “ಶಿಸ್ತು ನೋಡಿಕೊಳ್ಳುವವರ ಮುಂದೆ ಮನಸ್ಸು ಬಿಚ್ಚುವ ಒತ್ತಡ ಮಕ್ಕಳ ಮೇಲೆ ಬೀಳಬಾರದು ಅಂತಲೇ ಈ ನಿಯಮ ಮಾಡಿರುವುದು ಸಿಸ್ಟರ್. ಇವರು ಕೇಳುತ್ತಿರುವುದೂ ಅದನ್ನೇ” ಎಂದು ಗುರುಗಳು ಹೇಳಿದಾಗ ಸಭೆಯ ದಿಕ್ಕು ಬದಲಾಯಿತು. ಹೊರಗಿನ ಕಾನೂನು ತಮ್ಮ ಮೇಲೆ ಹೇರುತ್ತಿದೆ ಎಂದು ತೋರಿದ್ದ ವಿಷಯ ಅವರದೇ ಪರಂಪರೆಯ ಒಳಗಿತ್ತು. ನಾನು ಎಷ್ಟೇ ಕಲಮುಗಳನ್ನು ಓದಿ ಹೇಳಿದ್ದರೂ ಈ ಒಪ್ಪಿಗೆ ಇಷ್ಟು ಮನಃಪೂರ್ವಕವಾಗಿ ಬರುತ್ತಿರಲಿಲ್ಲ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಆದರೆ ಅದೇ ಸಭೆಯಲ್ಲಿ ನಾನು ಇನ್ನೊಂದು ಮಾತನ್ನೂ ಹೇಳಬೇಕಾಯಿತು. ನನ್ನ ಕೋಣೆ ಪಾಪನಿವೇದನೆಯ ಪೀಠಕ್ಕೆ ಸಮಾನವಲ್ಲ. ಗುರುಗಳು ಜೀವ ಹೋಗುವ ಸಂದರ್ಭದಲ್ಲೂ ಗುಟ್ಟನ್ನು ಬಿಡುವಂತಿಲ್ಲ. ನಾನು ಜೀವ ಉಳಿಸಲು ಅಗತ್ಯವಾದಷ್ಟನ್ನು ಹೇಳಲೇಬೇಕು. ವಿದ್ಯಾರ್ಥಿಯು ತನ್ನ ಜೀವಕ್ಕೆ ಕೂಡಲೇ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರೆ, ಇನ್ನೊಬ್ಬರಿಗೆ ಹಾನಿ ಮಾಡುವ ಗಂಭೀರ ಸಾಧ್ಯತೆ ಇದ್ದರೆ, ನ್ಯಾಯಾಲಯ ಕೇಳಿದರೆ ನಾನು ಮೌನವಾಗಿರಲಾರೆ. ಹದಿನೆಂಟು ತುಂಬದ ವಿದ್ಯಾರ್ಥಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡುವುದು ಕಡ್ಡಾಯ. ಪದವಿ ಕಾಲೇಜಿಗೆ ಇದು ಅನ್ವಯಿಸುವುದಿಲ್ಲ ಎಂಬ ತಿಳುವಳಿಕೆ ಹಲವರಲ್ಲಿದೆ. ಮೊದಲ ವರ್ಷದ ಪದವಿಗೆ ಸೇರುವವರಲ್ಲಿ ಹದಿನೇಳರ ಪ್ರಾಯದವರು ಎಷ್ಟೋ ಮಂದಿ ಇರುತ್ತಾರೆ. ಈ ಎಲ್ಲ ಮಿತಿಗಳನ್ನು ಮೊದಲ ಭೇಟಿಯಲ್ಲಿಯೇ, ವಿದ್ಯಾರ್ಥಿ ಬಾಯಿ ಬಿಡುವ ಮೊದಲೇ, ಸರಳ ಮಾತಿನಲ್ಲಿ ಹೇಳಬೇಕು ಎಂದು ತೀರ್ಮಾನವಾಯಿತು. ಆಲಿಸಿದ ಮೇಲೆ ಮಿತಿ ಹೇಳುವುದು ವಂಚನೆ.

ಹೊಸ ನಿಯಮ ಕಾಗದದ ಮೇಲೆ ಬರಲು ಹಲವು ಸಭೆಗಳು ಬೇಕಾದವು. ತಿಂಗಳ ವರದಿ ಉಳಿಯಿತು, ಹೆಸರುಗಳು ಹೋದವು. ಎಷ್ಟು ಮಂದಿ ಬಂದರು, ಯಾವ ಬಗೆಯ ತೊಂದರೆಗಳು ಹೆಚ್ಚು, ಎಷ್ಟು ಮಂದಿಯನ್ನು ಮನೋವೈದ್ಯರಲ್ಲಿಗೆ ಕಳಿಸಲಾಯಿತು ಎಂಬ ಸಂಖ್ಯೆಗಳಷ್ಟೇ ಅದರಲ್ಲಿರುತ್ತವೆ. ತರಗತಿವಾರು ವಿಂಗಡಣೆಯನ್ನು ಕೊಡಬಾರದು ಎಂದು ನಾನು ಹಟ ಹಿಡಿದೆ. ಚಿಕ್ಕ ತರಗತಿಯಿಂದ ಒಬ್ಬಳೇ ಬಂದಿದ್ದರೆ ಹೆಸರು ಬರೆಯದೆಯೂ ಅವಳು ಯಾರೆಂಬುದು ಶಿಕ್ಷಕರ ಕೋಣೆಗೆ ತಿಳಿದುಬಿಡುತ್ತದೆ. ಅಲಮಾರಿಗೆ ಬೀಗ ಬಂತು, ಕಡತಗಳ ಮೇಲೆ ಹೆಸರಿನ ಬದಲು ಸಂಖ್ಯೆ ಬಂತು. ಪ್ರಾಂಶುಪಾಲರ ಕೊಠಡಿಯ ಪಕ್ಕದಲ್ಲಿದ್ದ ನನ್ನ ಕೋಣೆಯನ್ನು ಗ್ರಂಥಾಲಯದ ಹಿಂಬದಿಗೆ ಸ್ಥಳಾಂತರಿಸಿದೆವು. ಅಲ್ಲಿಗೆ ಹೋಗುವವರು ಪುಸ್ತಕಕ್ಕೆ ಹೋಗುತ್ತಿರುವರೋ ನನ್ನ ಬಳಿಗೋ ಎಂಬುದು ಯಾರಿಗೂ ತಿಳಿಯುವುದಿಲ್ಲ. ಹಾಜರಾತಿಗಾಗಿ ಕೊಡುವ ಚೀಟಿಯಲ್ಲಿ ‘ಕಚೇರಿ ಕೆಲಸ’ ಎಂದಷ್ಟೇ ಬರೆಯುವ ವ್ಯವಸ್ಥೆಯಾಯಿತು. ಶಿಕ್ಷಕರ ವಾಟ್ಸ್ಆಪ್ ಗುಂಪಿನಲ್ಲಿ ಯಾವ ವಿದ್ಯಾರ್ಥಿಯ ಮನಃಸ್ಥಿತಿಯ ಬಗ್ಗೆಯೂ ಬರೆಯಕೂಡದು ಎಂಬ ಸೂಚನೆಯನ್ನು ಸಿಸ್ಟರೇ ಸಹಿ ಮಾಡಿ ಕಳಿಸಿದರು. ಇವೆಲ್ಲ ಸಣ್ಣ ವಿಷಯಗಳೆನಿಸಬಹುದು. ಆದರೆ ಕೋಣೆ ಗ್ರಂಥಾಲಯದ ಹಿಂದೆ ಹೋದ ಮೇಲೆಯೇ, ಯಾರೂ ಕಳಿಸದೆ ತಾವಾಗಿ ಬರುವವರನ್ನು ನಾನು ಮೊದಲ ಬಾರಿಗೆ ಕಂಡದ್ದು.

ಹಾಗೆ ತಾನಾಗಿ ಬಂದವರಲ್ಲಿ ತಾಂಡಾವೊಂದರ ಹುಡುಗಿ ಇದ್ದಳು. ಬಿ.ಕಾಂ. ಓದುತ್ತಿದ್ದಳು, ತಂದೆ ತಾಯಿ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಊರಿನ ಮನೆಯಲ್ಲಿ ಅಜ್ಜಿ ಮತ್ತು ತಮ್ಮ. ತಲೆನೋವು, ನಿದ್ದೆಯಿಲ್ಲ, ಓದಿದ್ದು ನೆನಪಿರುವುದಿಲ್ಲ ಎಂದಳು. ಕಳೆದ ಎರಡು ವಾರಗಳ ಸ್ಥಿತಿಯನ್ನು ಒಂಬತ್ತು ಪ್ರಶ್ನೆಗಳಲ್ಲಿ ಕೇಳುವ ಪಿ.ಎಚ್.ಕ್ಯೂ.-9 ಪ್ರಶ್ನಾವಳಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚಾದರೆ ಖಿನ್ನತೆಯ ಬಗ್ಗೆ ವಿವರವಾಗಿ ಪರಿಶೀಲಿಸಬೇಕು. ಅವಳ ಅಂಕ ಅದನ್ನು ಬಹಳ ದಾಟಿತ್ತು. ಆದರೆ ನಾನು ಕಾಯುತ್ತಿದ್ದುದು ಒಂಬತ್ತನೆಯ ಪ್ರಶ್ನೆಗೆ. ಬದುಕಿರುವುದಕ್ಕಿಂತ ಸಾಯುವುದು ಲೇಸೆನಿಸಿದೆಯೇ ಎಂಬ ಆ ಪ್ರಶ್ನೆಗೆ ಅವಳು ಬಹಳ ಹೊತ್ತು ಸುಮ್ಮನಿದ್ದು, “ದಿನಾ ಅನಸ್ತದ್ರಿ” ಎಂದಳು. ಸಾಯುವ ವಿಚಾರವನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ನಮ್ಮ ಶಿಕ್ಷಕರಲ್ಲಿ ಅನೇಕರು ನಂಬಿದ್ದಾರೆ. ನನ್ನ ಓದೂ ಅನುಭವವೂ ಅದಕ್ಕೆ ವಿರುದ್ಧವಾಗಿವೆ: ಕೇಳಿದಾಗ ಭಾರ ಇಳಿಯುತ್ತದೆ, ಮುಂದಿನ ಮಾತಿಗೆ ದಾರಿಯಾಗುತ್ತದೆ. ಹೇಗೆ, ಯಾವಾಗ ಎಂದು ಯೋಚಿಸಿದ್ದಾಳೆಯೇ ಎಂಬುದನ್ನೂ ಕೇಳಿದೆ. ಮನೆಯಲ್ಲಿ ತೊಗರಿಗೆ ಹೊಡೆಯುವ ಔಷಧಿ ಇದೆ, ಹಬ್ಬಕ್ಕೆ ಊರಿಗೆ ಹೋದಾಗ ಎಂದುಕೊಂಡಿದ್ದೇನೆ ಎಂದಳು.

ತೊಗರಿಯ ನಾಡಿನಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವವರು ಈ ಮಾತನ್ನು ಮರೆಯುವಂತಿಲ್ಲ. ಕಾಯಿಕೊರಕಕ್ಕೆ ಸಿಂಪಡಿಸುವ ಕೀಟನಾಶಕದ ಬಾಟಲಿ ಮನೆಯ ಮೂಲೆಯಲ್ಲೋ ಜಂತಿಯ ಮೇಲೋ ಇರುತ್ತದೆ. ಸಾಯಬೇಕೆಂಬ ತೀವ್ರ ಒತ್ತಡ ಅನೇಕರಲ್ಲಿ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಬಹಳ. ಶ್ರೀಲಂಕಾದಲ್ಲಿ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹೀಗಾಗಿ ಆ ದಿನ ನಮ್ಮ ಮುಂದಿದ್ದ ಮೊದಲ ಕೆಲಸ ಆ ಬಾಟಲಿಯನ್ನು ಮನೆಯಿಂದ ಹೊರಗೆ ಹಾಕಿಸುವುದು. ಮೊದಲೇ ಹೇಳಿದ್ದ ಮಿತಿಯನ್ನು ನೆನಪಿಸಿ, ಈಗ ಒಬ್ಬರಿಗೆ ತಿಳಿಸಲೇಬೇಕಾಗಿದೆ, ಯಾರಿಗೆ ತಿಳಿಸಿದರೆ ನಿನಗೆ ಸಮಾಧಾನ ಎಂದು ಅವಳನ್ನೇ ಕೇಳಿದೆ. “ಅಪ್ಪಗ ಬ್ಯಾಡ್ರಿ. ಸೋದರಮಾವಗ ಹೇಳ್ರಿ, ಅವ ಬೈಯಂಗಿಲ್ಲ” ಎಂದಳು. ಅವಳೆದುರಿನಲ್ಲಿಯೇ ಫೋನ್ ಮಾಡಿದೆ. ಮಾವ ಅದೇ ಸಂಜೆ ತಾಂಡಾಕ್ಕೆ ಹೋಗಿ ಔಷಧಿಯನ್ನೆಲ್ಲ ತನ್ನ ಹೊಲದ ಕೊಟ್ಟಿಗೆಗೆ ಸಾಗಿಸಿ ಬೀಗ ಹಾಕಿದ. ನಾವಿಬ್ಬರೂ ಸೇರಿ ಒಂದು ಸುರಕ್ಷತಾ ಯೋಜನೆ ಬರೆದೆವು: ಯಾವ ಸೂಚನೆ ಕಂಡರೆ ಮನಸ್ಸು ಕೆಡುತ್ತಿದೆಯೆಂದು ತಿಳಿಯುತ್ತದೆ, ಆಗ ತಾನು ಏನು ಮಾಡಬಹುದು, ಯಾರ ಪಕ್ಕ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬಹುದು. ಹಗಲಿರುಳೂ ಕನ್ನಡದಲ್ಲಿ ಉತ್ತರ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳು ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು. ಹಾಸ್ಟೆಲಿನ ವಾರ್ಡನ್‌ಗೆ ಹೇಳಿದ್ದು ಇಷ್ಟೇ: ಈ ಹುಡುಗಿಗೆ ಹುಷಾರಿಲ್ಲ, ಕೆಲವು ದಿನ ಒಬ್ಬಳೇ ಇರಬಾರದು, ರಾತ್ರಿ ಏನಾದರೂ ಅನ್ನಿಸಿದರೆ ನನ್ನನ್ನು ಎಬ್ಬಿಸಿ. ಕಾರಣವನ್ನು ಅವರು ಕೇಳಲಿಲ್ಲ. ಕೇಳಬಾರದು ಎಂಬುದು ಆಗಲೇ ನಿಯಮವಾಗಿತ್ತು.

ನಾನು ಬರುವುದಕ್ಕೆ ಮೊದಲು, ಸಾಯುವ ಮಾತಾಡಿದ ಅಥವಾ ಪ್ರಯತ್ನ ಮಾಡಿದ ವಿದ್ಯಾರ್ಥಿನಿಯನ್ನು ಟ್ರಂಕಿನ ಸಮೇತ ಮನೆಗೆ ಕಳಿಸಿಬಿಡುವುದು ವಾಡಿಕೆಯಾಗಿತ್ತು. ಇದು ಒಂದು ಹಾಸ್ಟೆಲಿನ ಮಾತಲ್ಲ, ನಾನು ಕಂಡ ಅನೇಕ ಹಾಸ್ಟೆಲುಗಳಲ್ಲಿ ಹೀಗೆಯೇ ಇದೆ. ಹೆದರಿಕೆ ಅದರ ಮೂಲ. ಆದರೆ ಮನೆಗೆ ಕಳಿಸಿದರೆ ಅವಳು ಹೋಗುವುದು ಸಂಕಟ ಹುಟ್ಟಿದ ಜಾಗಕ್ಕೆ, ಎಷ್ಟೋ ಸಲ ಔಷಧಿಯ ಬಾಟಲಿ ಇರುವ ಮನೆಗೆ, ಅದೂ ಓದು ಕೈತಪ್ಪಿದ ಅವಮಾನದ ಜೊತೆಗೆ. ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಮು ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೇ ಉಳಿದಿಲ್ಲ. ಕಾನೂನು ಶಿಕ್ಷೆಯನ್ನು ಕೈಬಿಟ್ಟ ಮೇಲೆ ಹಾಸ್ಟೆಲು ಶಿಕ್ಷೆ ಕೊಡುವುದು ಹೇಗೆ ಸರಿ ಎಂದು ನಾನು ಕೇಳಿದೆ. ಈ ವಿಷಯದಲ್ಲಿ ಒಪ್ಪಿಗೆ ಸುಲಭವಾಗಿ ಬರಲಿಲ್ಲ. ಇತರ ಮಕ್ಕಳ ಮೇಲೆ ಪರಿಣಾಮವಾಗುತ್ತದೆ ಎಂಬ ಸಿಸ್ಟರುಗಳ ಆತಂಕದಲ್ಲಿ ಹುರುಳಿತ್ತು. ಕೊನೆಗೆ, ಮನೋವೈದ್ಯರ ಅಭಿಪ್ರಾಯ ಪಡೆದು, ಹಿಂತಿರುಗುವ ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಬೇಕಾದರೆ ಸ್ವಲ್ಪ ದಿನ ರಜೆ ಕೊಟ್ಟು, ಅದೇ ಕೋಣೆಗೆ ಮರಳಿ ಸೇರಿಸಿಕೊಳ್ಳಬೇಕು ಎಂಬ ನಿಯಮವಾಯಿತು. ಆ ಬಿ.ಕಾಂ. ಹುಡುಗಿ ಹಾಸ್ಟೆಲಿನಲ್ಲಿಯೇ ಇದ್ದುಕೊಂಡು, ಖಿನ್ನತೆಯ ಗುಳಿಗೆಗಳನ್ನೂ ನಮ್ಮ ಭೇಟಿಗಳನ್ನೂ ಮುಂದುವರಿಸುತ್ತ ಪರೀಕ್ಷೆ ಬರೆದಳು.

ಸನ್ಯಾಸಜೀವನದ ತರಬೇತಿಯಲ್ಲಿದ್ದು ಪದವಿ ಓದುತ್ತಿದ್ದ ಒಬ್ಬ ತರುಣಿ ನನ್ನಲ್ಲಿಗೆ ಬಂದದ್ದು ಬೇರೆ ಬಗೆಯ ಪರೀಕ್ಷೆಯಾಯಿತು. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಇದು ವಿಶ್ವಾಸ ಕುಂದಿದ್ದರ ಗುರುತೇ ಎಂದು ಕೇಳುತ್ತಿದ್ದಳು. ಅವಳ ತರಬೇತಿಯ ಹೊಣೆ ಹೊತ್ತ ಹಿರಿಯ ಸಿಸ್ಟರ್, ಇವಳು ಈ ಜೀವನಕ್ಕೆ ಯೋಗ್ಯಳೇ ಎಂದು ನನ್ನ ಅಭಿಪ್ರಾಯ ಬರೆದುಕೊಡಿ ಎಂದರು. ಒಬ್ಬಳೇ ವ್ಯಕ್ತಿಗೆ ಚಿಕಿತ್ಸೆ ನೀಡುವವರೂ ಅವಳ ಯೋಗ್ಯತೆಯನ್ನು ಅಳೆಯುವವರೂ ಒಬ್ಬರೇ ಆಗಬಾರದು, ಮೌಲ್ಯಮಾಪನ ಬೇಕಿದ್ದರೆ ಅವಳ ಒಪ್ಪಿಗೆ ಪಡೆದು ಬೇರೆ ಮನೋವಿಜ್ಞಾನಿಯಿಂದ ಮಾಡಿಸಬೇಕು ಎಂದು ವಿನಯದಿಂದಲೇ ತಿಳಿಸಿದೆ. ಗುರುಗಳು ಈ ಸಲವೂ ಜೊತೆಗೆ ನಿಂತರು: ಸದಸ್ಯರು ತಮ್ಮ ಅಂತರಂಗವನ್ನು ತೆರೆದಿಡುವಂತೆ ಮೇಲಧಿಕಾರಿಗಳು ಯಾವ ರೀತಿಯಲ್ಲೂ ಪ್ರೇರೇಪಿಸಬಾರದು ಎಂದು ಸಂಹಿತೆಯ 630ನೇ ವಿಧಿಯಲ್ಲಿ ಇದೆಯೆಂದು ತೋರಿಸಿದರು. ತರುಣಿಯ ವಿಶ್ವಾಸದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಕೊಡುವ ಅಧಿಕಾರವೂ ನನಗಿಲ್ಲ. ಖಿನ್ನತೆಯಲ್ಲಿ ಏಕಾಗ್ರತೆ ಕುಂದುವುದು, ಇಷ್ಟವಾದುದರಲ್ಲಿ ಸಂತೋಷ ಕಾಣದಿರುವುದು ಕಾಯಿಲೆಯ ಲಕ್ಷಣಗಳೆಂದು ವಿವರಿಸಿ, ಪ್ರಾರ್ಥನೆಯ ಬಗೆಗಿನ ಮಾತನ್ನು ಅವಳೇ ಆರಿಸಿದ ಆಧ್ಯಾತ್ಮಿಕ ಮಾರ್ಗದರ್ಶಕರಲ್ಲಿ ಆಡುವಂತೆ ಹೇಳಿದೆ.

ಚಿಕಿತ್ಸೆಗೂ ವಿಶ್ವಾಸದ ಪ್ರಶ್ನೆಗಳಿಗೂ ನಡುವಿನ ಇದೇ ಗೆರೆ ಎದುರು ದಿಕ್ಕಿನಿಂದಲೂ ಉಪಯೋಗಕ್ಕೆ ಬಂದಿದೆ. ಅಣ್ಣನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ಒಬ್ಬ ಕ್ಯಾಥೊಲಿಕ್ ವಿದ್ಯಾರ್ಥಿ, ಅಣ್ಣನಿಗೆ ಸದ್ಗತಿ ಇದೆಯೇ ಎಂದು ನನ್ನನ್ನು ಕೇಳಿದ. ಅವನ ದುಃಖದ ಜೊತೆ ನಾನು ಕೂರಬಲ್ಲೆ, ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಗುರುಗಳು. ಕ್ಯಾಥೊಲಿಕ್ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥದ 2282 ಮತ್ತು 2283ನೇ ಪರಿಚ್ಛೇದಗಳನ್ನು ಗುರುಗಳು ಅವನಿಗೆ ಓದಿ ಹೇಳಿದರಂತೆ. ತೀವ್ರ ಮಾನಸಿಕ ತೊಂದರೆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತದೆ, ಹಾಗೆ ತೀರಿಕೊಂಡವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ಅಲ್ಲಿದೆ. ನನ್ನಲ್ಲಿಗೆ ಹಿಂತಿರುಗಿದಾಗ ಅವನು ಅಣ್ಣನ ಬಗ್ಗೆ ಮೊದಲ ಬಾರಿಗೆ ಅಳುತ್ತ ಮಾತನಾಡಿದ. ಕ್ಯಾಥೊಲಿಕ್ ಆವರಣದಲ್ಲಿ ಕೆಲಸ ಮಾಡುವುದರಿಂದ ಸಿಗುವ ಒಂದು ದೊಡ್ಡ ಅನುಕೂಲ ಇದು ಎಂದು ನಾನು ಭಾವಿಸುತ್ತೇನೆ. ವೈದ್ಯಶಾಸ್ತ್ರ ಉತ್ತರಿಸಲಾಗದ ಪ್ರಶ್ನೆಗಳನ್ನು ತೆಗೆದುಕೊಂಡು ಹೋಗಲು ಅಲ್ಲಿ ಇನ್ನೊಂದು ಬಾಗಿಲು ಇರುತ್ತದೆ.

ಬೇರೆ ಧರ್ಮಗಳ ವಿದ್ಯಾರ್ಥಿಗಳ ವಿಷಯದಲ್ಲಿಯೂ ನಂಬಿಕೆಯನ್ನು ಎದುರು ಹಾಕಿಕೊಳ್ಳದೆ ಕೆಲಸ ಮಾಡುವುದನ್ನು ನಾನು ಇಲ್ಲಿಯೇ ಕಲಿತೆ. ಕಿವಿಯಲ್ಲಿ ಧ್ವನಿಗಳು ಕೇಳಿಸುತ್ತಿದ್ದ ಒಬ್ಬ ಹುಡುಗನನ್ನು ಮನೆಯವರು ಗಾಳಿ ಸೋಕಿದೆಯೆಂದು ಗಾಣಗಾಪುರದ ದತ್ತ ಸನ್ನಿಧಿಗೆ ಕರೆದೊಯ್ಯುತ್ತಿದ್ದರು, ತಿಂಗಳುಗಳೇ ಕಳೆದಿದ್ದವು. ಮನೋವಿಕೃತಿಯಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ತಾಯಿಗೆ ನಾನು ಸನ್ನಿಧಿಗೆ ಹೋಗಬೇಡಿ ಎನ್ನಲಿಲ್ಲ. “ಅವ್ವಾ, ದೇವರಿಗಿ ನಡಕೊಳ್ಳೋದು ಬಿಡಬ್ಯಾಡ್ರಿ, ಗುಳಿಗಿನೂ ಬಿಡಬ್ಯಾಡ್ರಿ” ಎಂದು ಹೇಳಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯಶಾಸ್ತ್ರ ವಿಭಾಗಕ್ಕೆ ಅವರ ಜೊತೆಗೆ ನಾನೇ ಹೋದೆ. ಒಬ್ಬ ಮುಸ್ಲಿಂ ವಿದ್ಯಾರ್ಥಿ ಎದೆ ಬಡಿತ ಹೆಚ್ಚಾಗಿ ಸಾಯುತ್ತೇನೆಂಬ ಭಯದಿಂದ ಮತ್ತೆ ಮತ್ತೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುತ್ತಿದ್ದ. ಪ್ರತಿ ಸಲವೂ ಇ.ಸಿ.ಜಿ. ಸರಿಯಾಗಿಯೇ ಬರುತ್ತಿತ್ತು. ಅದು ಪ್ಯಾನಿಕ್, ಅಂದರೆ ಹಠಾತ್ತನೆ ಬರುವ ತೀವ್ರ ಭಯ. ಅದರ ಅಲೆ ಕೆಲವು ನಿಮಿಷಗಳಲ್ಲಿ ತುತ್ತತುದಿಗೇರಿ ತಾನಾಗಿ ಇಳಿಯುತ್ತದೆ ಎಂಬುದನ್ನು ಅವನು ಗಡಿಯಾರ ನೋಡಿಕೊಂಡೇ ನಂಬಬೇಕಾಯಿತು. ಅವನ ಕೊರಳಿನ ತಾಯಿತದ ಬಗ್ಗೆ ನಾವು ಚರ್ಚಿಸುವ ಅಗತ್ಯವೇ ಬೀಳಲಿಲ್ಲ.

ಇನ್ನೂ ಆಗಬೇಕಾದದ್ದು ಬಹಳವಿದೆ. ಹುಡುಗರು ಬರುವುದು ಕಡಿಮೆ; ಉರ್ದು ಚೆನ್ನಾಗಿ ಬಲ್ಲ ಒಬ್ಬ ಪುರುಷ ಸಮಾಲೋಚಕ ಬೇಕೆಂಬ ನನ್ನ ಕೋರಿಕೆ ಆಡಳಿತ ಮಂಡಳಿಯ ಮುಂದಿದೆ. ಒಬ್ಬಳೇ ಕೆಲಸ ಮಾಡುವುದರ ಭಾರ ನನಗೂ ಇದೆ, ಅದಕ್ಕಾಗಿ ಧಾರವಾಡದ ಹಿರಿಯರೊಬ್ಬರ ಜೊತೆ ವಿದ್ಯಾರ್ಥಿಗಳ ಗುರುತು ಹೇಳದೆ ನಿಯಮಿತವಾಗಿ ಫೋನಿನಲ್ಲಿ ಚರ್ಚಿಸುತ್ತೇನೆ; ಹಾಗೆ ಚರ್ಚಿಸುತ್ತೇನೆಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಿರುತ್ತೇನೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ನೀಡಿದ ಮೇಲೆ ಬೀದರ್ ಮತ್ತು ಯಾದಗಿರಿಯ ಕೆಲವು ಕಾಲೇಜುಗಳವರು ನನಗೆ ಫೋನ್ ಮಾಡಿ, ಏನೇನು ಸಿದ್ಧತೆ ಬೇಕು ಎಂದು ಕೇಳಿದ್ದಾರೆ. ಸೇರಲಿರುವ ಸಮಾಲೋಚಕರಿಗೂ ನೇಮಿಸಲಿರುವವರಿಗೂ ನಾನು ಹೇಳುವುದು ಒಂದೇ: ಕೋಣೆಗೆ ಬಣ್ಣ ಹಚ್ಚುವ ಮೊದಲು ನೇಮಕಾತಿ ಆದೇಶದಲ್ಲಿ ವರದಿಯ ಬಗ್ಗೆ ಏನು ಬರೆದಿದೆ ನೋಡಿ, ಯಾರಿಗೆ ಏನು ತಿಳಿಸಬೇಕು ಎಂಬುದನ್ನು ಮೊದಲ ವಿದ್ಯಾರ್ಥಿ ಬರುವುದಕ್ಕಿಂತ ಮುಂಚೆಯೇ ಬರೆದಿಡಿ.

ಸದ್ಯ ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇಸಿಗೆಯ ರಜೆ. ಪರೀಕ್ಷೆ ಮುಗಿದ ಕೂಡಲೇ ಹಾಸ್ಟೆಲ್ ಮುಚ್ಚುತ್ತದೆ, ಔಷಧಿ ತೆಗೆದುಕೊಳ್ಳುತ್ತಿರುವವರು ಊರಿಗೆ ಹೋಗುತ್ತಾರೆ, ಕೆಲವರು ತಂದೆ ತಾಯಿಯ ಜೊತೆ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ, ಗುಳಿಗೆ ಅರ್ಧಕ್ಕೆ ನಿಲ್ಲುತ್ತದೆ. ಖಿನ್ನತೆಯ ಔಷಧಿ ಕೆಲಸ ಆರಂಭಿಸಲು ಕೆಲವು ವಾರಗಳು ಬೇಕು, ಚೇತರಿಸಿಕೊಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ. ಈ ಸಲ ರಜೆಗೆ ಮೊದಲೇ ಪ್ರತಿಯೊಬ್ಬರೊಂದಿಗೂ ಕುಳಿತು, ಅವರ ತಾಲ್ಲೂಕು ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಚಿಕಿತ್ಸಾಲಯ ಯಾವಾಗ ನಡೆಯುತ್ತದೆ, ಮನೆಯಲ್ಲಿ ಗುಳಿಗೆಯ ಬಗ್ಗೆ ಯಾರಿಗೆ ಗೊತ್ತಿದೆ, ರಜೆಯಲ್ಲಿ ನನ್ನ ಫೋನನ್ನು ಯಾವ ಹೊತ್ತಿಗೆ ಎತ್ತುವುದು ಅವರಿಗೆ ಸಾಧ್ಯ ಎಂಬುದನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಆ ಪಟ್ಟಿ ಅಲಮಾರಿಯಲ್ಲಿದೆ, ಬೀಗದ ಕೈ ನನ್ನ ಬಳಿ ಇದೆ. ರಜೆಯಲ್ಲೂ ವಾರಕ್ಕೆ ಎರಡು ದಿನ ಕೋಣೆ ತೆರೆದಿರಲು ಸಿಸ್ಟರ್ ಒಪ್ಪಿದ್ದಾರೆ. ಕಾವಲುಗಾರನಿಗೆ ಅವರು ಕೊಟ್ಟಿರುವ ಸೂಚನೆಯಲ್ಲಿ, ಬರುವವರ ಹೆಸರನ್ನು ಗೇಟಿನ ಪುಸ್ತಕದಲ್ಲಿ ಬರೆಸಿಕೊಳ್ಳಬೇಕಿಲ್ಲ ಎಂದಿದೆ.